ಬಾವಿಯ ಪಡುವಣ ಮಗ್ಗುಲು

1979ರ ಅಕ್ಟೋಬರ್‌ನಲ್ಲಿ, ಬಿಟ್ಟೂಬಿಡದೆ ಹೊಯ್ದ ಮಳೆಯ ನಂತರ, ಹಂದನಕೆರೆಯ ಹತ್ತಿರ ನನ್ನ ಸೋದರತ್ತೆಯ ಹೊಸ ಬಾವಿಯ ಪಡುವಣ ಮಗ್ಗುಲು ಕುಸಿದುಬಿತ್ತು. ಬೆಳಗಿನ ಹೊತ್ತು. ಬಾವಿಯಲ್ಲಿ ಯಾರೂ ಇರಲಿಲ್ಲ. ದಡದ ಮೇಲೆ ಕೂರಿಸಿದ್ದ ಡೀಸೆಲ್ ಎಂಜಿನ್ನು, ಅದರ ಮೇಲಿನ ತೆಂಗಿನ ಗರಿಯ ಚಪ್ಪರ ಎರಡೂ ಒಳಕ್ಕೆ ಹೋದವು. ಅರ್ಧಕ್ಕಿಂತ ಹೆಚ್ಚು ಬಾವಿ ಕಲ್ಲಿನಿಂದ ತುಂಬಿತು. ನೀರು ಕಲ್ಲಿನ ಅಡಿಯಲ್ಲಿ ಉಳಿಯಿತು.

ನಾನು ಆಗ ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ಯಾರೂ ಸಾಯದ ಬಾವಿ ಕುಸಿತ ನಮ್ಮ ಜಿಲ್ಲಾ ಪುಟಕ್ಕೆ ಸುದ್ದಿಯಲ್ಲ. ಯಾರಾದರೂ ಕಳಿಸಿದ್ದರೆ ನಾನೇ ಬದಿಗಿಡುತ್ತಿದ್ದೆ. ಈಗ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ನಮ್ಮ ಮನೆಯಲ್ಲಿ ಈ ಬಾವಿಯ ವಿಷಯ ಬಂದಾಗೆಲ್ಲ ಹೇಳುವುದು ಒಂದೇ ಮಾತು: ಜಾಗ ಸರಿಯಿರಲಿಲ್ಲ, ಜಾಗ ತೋರಿಸಿದ್ದು ಅವಳು. ಮದುವೆ ಮನೆಗಳಲ್ಲಿ, ತಿಥಿ ಊಟಗಳಲ್ಲಿ, ತಿಪಟೂರಿನ ಸಂತೆಯಲ್ಲಿ ನಿಂತು ಮಾತಾಡುವಾಗ, ಇದೇ ಮಾತನ್ನು ನಾನು ಹಲವು ಬಾಯಲ್ಲಿ ಕೇಳಿದ್ದೇನೆ. ಜಾಗ ತೋರಿಸಿದ್ದು ಅತ್ತೆಯೇ, ಆದರೆ ಬಾವಿ ಬಿದ್ದದ್ದು ಜಾಗದಿಂದ ಎನ್ನುವುದು ಸುಳ್ಳು. ನಡೆದದ್ದನ್ನು ನಡೆದ ಕ್ರಮದಲ್ಲಿ ಇಲ್ಲಿ ಇಡುತ್ತೇನೆ.

ಅತ್ತೆ ನನ್ನ ಅಪ್ಪನ ತಂಗಿ. ನಮ್ಮದು ಬಿಳಿಗೆರೆ. ಅವರನ್ನು ಕೊಟ್ಟಿದ್ದು ಹಂದನಕೆರೆಯ ಕಡೆಗೆ. ಮಕ್ಕಳಾಗಲಿಲ್ಲ. ಗಂಡ ಕಾಮಾಲೆಯಿಂದ ತೀರಿಕೊಂಡಾಗ ಅವರಿಗೆ ಮೂವತ್ತೈದರ ಆಸುಪಾಸು. ಗಂಡನ ತಮ್ಮ, ಅಂದರೆ ಅತ್ತೆಯ ಮೈದುನ, ಅದೇ ಊರಿನಲ್ಲಿದ್ದ. ಕೆರೆಯ ಕೆಳಗಿನ ಹಳೇ ತೋಟ ಅವನ ಪಾಲಿಗೆ ಹೋಗಿತ್ತು. ಮೇಲಿನ ಖುಷ್ಕಿ, ಮಳೆ ಬಂದರೆ ರಾಗಿ ಬೆಳೆಯುವ ಹೊಲ, ಅತ್ತೆಯ ಗಂಡನ ಪಾಲು. ಕಾನೂನಿನ ಪ್ರಕಾರ ಗಂಡನ ಪಾಲು ಹೆಂಡತಿಯದು. ಊರಿನ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ಆ ಕಾನೂನಿಗೆ ಒಂದು ಷರತ್ತು ಸೇರಿಸಿದರು. ಒಂಟಿ ಹೆಂಗಸು ಹೊಲ ಬೀಳು ಬಿಡುವುದು ಊರಿಗೆ ಶೋಭೆಯಲ್ಲ. ಅವಳು ಬಾವಿ ತೋಡಿಸಿ, ತೆಂಗಿನ ಸಸಿ ಇಟ್ಟು, ಉಳಿಸಿಕೊಂಡರೆ ಹೊಲ ಅವಳದು. ಆಗದಿದ್ದರೆ ಮೈದುನ ಸಾಗುವಳಿ ಮಾಡಲಿ, ಅವಳು ತವರಿಗೆ ಹೋಗಲಿ. ಇದನ್ನು ನ್ಯಾಯ ಎಂದು ಕರೆದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ಕಟ್ಟೆಯಿಂದ ಸ್ವಲ್ಪ ದೂರ, ಹೆಂಗಸರು ನಿಲ್ಲುವ ಜಾಗದಲ್ಲಿ, ಅವರು ನಿಂತಿದ್ದರು ಎಂದು ಅಪ್ಪ ಹೇಳಿದ್ದರು.

ಆದ್ದರಿಂದ ಬಾವಿ ಎಂದರೆ ಹೊಲ. ನೀರು ನಿಂತರೆ ಅತ್ತೆಗೆ ತನ್ನದು ಎನ್ನುವ ಒಂದು ಒಲೆ, ಒಂದು ಬಾಗಿಲು. ಇಲ್ಲದಿದ್ದರೆ ಅಣ್ಣಂದಿರ ಮನೆಯ ನಡುಮನೆಯಲ್ಲಿ ಒಂದು ಚಾಪೆ.

ಬಾವಿಯ ಖರ್ಚನ್ನು ನನ್ನ ದೊಡ್ಡಪ್ಪ ಮತ್ತು ಅಪ್ಪ ವಹಿಸಿಕೊಂಡರು. ತಂಗಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದರು. ಅವರ ಮನಸ್ಸು ಒಳ್ಳೆಯದೇ ಇತ್ತು, ಅದನ್ನು ದಾಖಲಿಸುವುದು ನ್ಯಾಯ. ಖರ್ಚು ವಹಿಸಿಕೊಂಡವರು ಬಾವಿಯ ಬಗ್ಗೆ ಮಾತಾಡುವ ಹಕ್ಕನ್ನೂ ಪೂರ್ತಿ ವಹಿಸಿಕೊಂಡರು, ಅದನ್ನೂ ದಾಖಲಿಸಬೇಕು. ತೋಡುವ ಮೇಸ್ತ್ರಿಯನ್ನು, ಅವನ ಆಳುಗಳನ್ನು ದೊಡ್ಡಪ್ಪ ಬಿಳಿಗೆರೆಯಿಂದಲೇ ಕರೆದುಕೊಂಡು ಹೋದರು. ಹಂದನಕೆರೆಯಲ್ಲೇ ಬಾವಿ ತೋಡುವವರಿದ್ದರು. ಅವರು ಬೇಡ, ನಮ್ಮೂರಿನವರ ಕೆಲಸ ನನಗೆ ಗೊತ್ತು ಎಂದರು.

ಬಿಳಿಗೆರೆಯಲ್ಲಿ ಬಾವಿ ತೋಡುವ ಕ್ರಮ ಹೀಗೆ. ಮೊದಲು ಮಣ್ಣು, ಆಮೇಲೆ ಗರಸು, ಆಮೇಲೆ ಬಂಡೆ. ಬಂಡೆ ಸಿಗುವವರೆಗೆ ಒಳಗಿನಿಂದ ಕಲ್ಲಿನ ಕಟ್ಟಡ ಕಟ್ಟುತ್ತಾರೆ, ಇಲ್ಲದಿದ್ದರೆ ಮಣ್ಣು ಜರಿಯುತ್ತದೆ. ಬಂಡೆ ಸಿಕ್ಕಿತೆಂದರೆ ಕಟ್ಟಡ ನಿಂತಿತು. ಅಲ್ಲಿಂದ ಕೆಳಕ್ಕೆ ಕುಳಿ ಹೊಡೆದು, ಮದ್ದು ತುಂಬಿ ಸಿಡಿಸಿ, ನೇರ ಇಳಿಯುವುದು. ಬಾವಿಯ ಗೋಡೆ ಚಾಕುವಿನಲ್ಲಿ ಬೆಲ್ಲದ ಅಚ್ಚು ಕೊಯ್ದ ಹಾಗೆ ನಿಲ್ಲುತ್ತದೆ. ನನ್ನ ಮುತ್ತಾತ ತೋಡಿಸಿದ ಬಾವಿ ಹಾಗೇ ನಿಂತಿದೆ. ಕಲ್ಲು ಸಿಕ್ಕ ದಿನ ನಮ್ಮೂರಿನಲ್ಲಿ ಬಾವಿಯ ದಡದಲ್ಲಿ ಕಾಯಿ ಒಡೆದು ಆಳುಗಳಿಗೆ ಪಾಯಸದ ಊಟ ಹಾಕುತ್ತಾರೆ. ಅಪಾಯ ಕಳೆಯಿತು ಎನ್ನುವುದಕ್ಕೆ ಆ ಊಟ.

ಹಂದನಕೆರೆಯ ಕಡೆ ಆ ಊಟವಿಲ್ಲ. ಅಲ್ಲಿ ಬಂಡೆ ಸಿಕ್ಕ ಮೇಲೂ ಕಟ್ಟುತ್ತಾರೆ, ತಳದವರೆಗೂ ಕಟ್ಟುತ್ತಾರೆ. ಆದರೆ ಒಂದೇ ಮಗ್ಗುಲಿಗೆ, ಪಡುವಣಕ್ಕೆ. ಉಳಿದ ಮೂರು ಕಡೆ ಬರೀ ಬಂಡೆ. ನೋಡಿದವರಿಗೆ ಕೆಲಸ ಅರ್ಧಕ್ಕೆ ಬಿಟ್ಟ ಹಾಗೆ ಕಾಣುತ್ತದೆ. ಹಂದನಕೆರೆಯವರು ಬಾವಿಗೂ ಅರ್ಧ ಅಂಗಿ ಹೊಲಿಸುತ್ತಾರೆ ಎಂದು ನಮ್ಮೂರಿನವರು ನಗುತ್ತಿದ್ದರು. ನೆಂಟಸ್ತಿಕೆಯ ತಮಾಷೆ. ಯಾಕೆ ಪಡುವಣಕ್ಕೇ ಕಟ್ಟುತ್ತೀರಿ ಎಂದು ಯಾರೂ ನಗುವುದನ್ನು ನಿಲ್ಲಿಸಿ ಕೇಳಿದ್ದು ನನಗೆ ಗೊತ್ತಿಲ್ಲ.

ಕೇಳಿದ್ದರೆ ಉತ್ತರ ಕಲ್ಲಿನಲ್ಲೇ ಇತ್ತು. ನಾನು ತುಮಕೂರಿನ ಕಾಲೇಜಿನಲ್ಲಿ ಓದಿದ್ದು ಭೂವಿಜ್ಞಾನ. ನಮಗೆ ರೂಪಾಂತರ ಶಿಲೆಗಳ ಪಾಠ ಮಾಡಿದ ಮೇಷ್ಟ್ರು ತುರುವೇಕೆರೆಯ ಕಡೆಯವರು. ಪಾಠವನ್ನು ಕೊಬ್ಬರಿಯಿಂದ ಶುರು ಮಾಡಿದರು. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಡುತ್ತೀರಿ. ಯಾರೂ ಒಡೆಯುವುದಿಲ್ಲ, ಬೇಯಿಸುವುದಿಲ್ಲ, ಏನನ್ನೂ ಸೇರಿಸುವುದಿಲ್ಲ. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಸದ್ದು ಮಾಡುತ್ತದೆ. ಹಾಕಿದ್ದು ಕಾಯಿ, ಇಳಿಸಿದ್ದು ಕೊಬ್ಬರಿ. ಭೂಮಿಯ ಆಳದಲ್ಲಿ ಕಲ್ಲಿಗೂ ಅಷ್ಟೇ ಆಗುತ್ತದೆ ಎಂದರು. ಶಾಖ ಏರುತ್ತದೆ, ಮೇಲಿನ ಭಾರ ಒತ್ತುತ್ತದೆ, ಕೋಟಿಗಟ್ಟಲೆ ವರ್ಷ ಹಿಡಿಯುತ್ತದೆ. ಕಲ್ಲು ಕರಗುವುದಿಲ್ಲ. ಕರಗಿ ಮತ್ತೆ ಗಟ್ಟಿಯಾದರೆ ಅದು ಅಗ್ನಿಶಿಲೆಯ ಲೆಕ್ಕಕ್ಕೆ ಹೋಗುತ್ತದೆ. ಇದು ಗಟ್ಟಿಯಾಗಿದ್ದುಕೊಂಡೇ ಒಳಗೊಳಗೆ ಬದಲಾಗುತ್ತದೆ. ಹಳೆಯ ಖನಿಜಗಳು ಹೋಗಿ ಹೊಸವು ಹುಟ್ಟುತ್ತವೆ. ಒತ್ತಡ ಒಂದೇ ದಿಕ್ಕಿನಿಂದ ಬಂದರೆ ಆ ಹೊಸ ಖನಿಜಗಳು ಒತ್ತಡಕ್ಕೆ ಅಡ್ಡವಾಗಿ ಮಲಗುತ್ತವೆ, ಕಲ್ಲಿಗೆ ಪದರ ಬರುತ್ತದೆ.

ವಿಂಗಡಣೆಯೂ ಪದರದಿಂದಲೇ ಶುರು. ಪದರ ಇರುವವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಸುಣ್ಣದ ಕಲ್ಲು ಬದಲಾಗಿ ಆದ ಅಮೃತಶಿಲೆಗೆ, ಮರಳುಗಲ್ಲು ಬದಲಾಗಿ ಆದ ಕ್ವಾರ್ಟ್‌ಜೈಟಿಗೆ ಸಾಮಾನ್ಯವಾಗಿ ಪದರವಿಲ್ಲ. ಪದರ ಇರುವವಕ್ಕೆ ಶಾಖ ಮತ್ತು ಒತ್ತಡ ಎಷ್ಟು ಏರಿತ್ತು ಎನ್ನುವುದರ ಮೇಲೆ ಹೆಸರು. ಜೇಡಿಯ ಕಲ್ಲನ್ನೇ ತೆಗೆದುಕೊಂಡರೆ, ಸ್ವಲ್ಪ ಬದಲಾದದ್ದು ಸ್ಲೇಟು. ಇನ್ನಷ್ಟಾದರೆ ರೇಷ್ಮೆಯ ಹೊಳಪಿನ ಫಿಲ್ಲೈಟ್. ಇನ್ನೂ ಏರಿದರೆ ಶಿಸ್ಟ್. ಅದರಲ್ಲಿ ಚಪ್ಪಟೆ ಖನಿಜಗಳು ಕಣ್ಣಿಗೇ ಕಾಣುತ್ತವೆ, ಹಳ್ಳಿಯವರು ಕಾಗೆ ಬಂಗಾರ ಎನ್ನುವ ಅಭ್ರಕ, ಇಲ್ಲವೇ ಹಸಿರು ಕ್ಲೋರೈಟ್. ತೀರಾ ಏರಿದರೆ ನೈಸ್. ಅದರಲ್ಲಿ ಬಿಳಿ ಕಪ್ಪು ಪಟ್ಟೆಗಳು ಜಮಖಾನದ ಹಾಗೆ ಕಾಣುತ್ತವೆ, ಆದರೆ ಒಂದು ಪಟ್ಟೆ ಇನ್ನೊಂದನ್ನು ಹಲ್ಲು ಕಚ್ಚಿದ ಹಾಗೆ ಹಿಡಿದುಕೊಂಡಿರುತ್ತದೆ. ಬಿಳಿಗೆರೆಯ ಕೆಳಗಿರುವುದು ನೈಸ್. ಗ್ರಾನೈಟಿನಂಥ ಕಲ್ಲು ಬದಲಾಗಿ ಆದದ್ದು. ಹಂದನಕೆರೆ ಇರುವ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ಬೇರೆ. ಅದು ಶಿಸ್ಟಿನ ಪಟ್ಟಿ, ಬಹುಭಾಗ ಹಳೆಯ ಲಾವಾ ಮತ್ತು ಕೆಸರು ಬದಲಾಗಿ ಆದದ್ದು. ಮೇಷ್ಟ್ರು ನಮ್ಮನ್ನು ಅರಳಗುಪ್ಪೆಯ ಗುಡಿಗೆ ಕರೆದುಕೊಂಡು ಹೋಗಿದ್ದರು. ಆ ಗೋಡೆಗಳ ಸಣ್ಣ ಕೆತ್ತನೆಗೆ ಒಗ್ಗಿದ ಮೆದು ಬಳಪದ ಕಲ್ಲೂ ಶಿಸ್ಟಿನ ಜಾತಿಯದೇ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ ಎಂದು ತೋರಿಸಿದರು, ಗುಡಿಯ ಗೋಡೆಯ ಮೇಲಲ್ಲ, ಹೊರಗೆ ಬಿದ್ದಿದ್ದ ಚೂರಿನ ಮೇಲೆ.

ನೈಸ್, ಶಿಸ್ಟ್ ಎರಡೂ ರೂಪಾಂತರ ಶಿಲೆ. ಎರಡಕ್ಕೂ ಪದರವಿದೆ. ಎರಡನ್ನೂ ನಮ್ಮವರು ಬಂಡೆ ಎನ್ನುತ್ತಾರೆ. ವ್ಯತ್ಯಾಸ ಗೊತ್ತಾಗುವುದು ತೋಡಿದಾಗ. ಶಿಸ್ಟಿನ ಪದರಗಳು ವೀಳ್ಯದೆಲೆಯ ಕಟ್ಟಿನ ಹಾಗೆ. ಕಟ್ಟು ನೆಟ್ಟಗಿದ್ದರೆ ಕೂತಿರುತ್ತದೆ. ಓರೆ ಮಾಡಿ, ಕೆಳಗಿನ ಆಸರೆ ತೆಗೆದು, ಸ್ವಲ್ಪ ನೀರು ಚಿಮುಕಿಸಿದರೆ ಮೇಲಿನ ಎಲೆಗಳು ಜಾರಿ ಬರುತ್ತವೆ. ಅತ್ತೆಯ ಹೊಲದಲ್ಲಿ ಪದರಗಳು ಮೂಡಣಕ್ಕೆ ಇಳಿಜಾರಾಗಿದ್ದವು. ಹಾಗಿರುವಾಗ ಬಾವಿ ತೋಡಿದರೆ ಪಡುವಣ ಗೋಡೆಯ ಪದರಗಳು ಬಾವಿಯೊಳಕ್ಕೆ ಮುಖ ಮಾಡುತ್ತವೆ. ಜಾರಲು ಜಾಗ ಸಿಗುವುದು ಅಲ್ಲಿ. ಅರ್ಧ ಅಂಗಿಯ ಅರ್ಥ ಅದು.

1979ರ ಮೇ ತಿಂಗಳಿನಲ್ಲಿ ನಾನು ರಜೆಯ ಮೇಲೆ ಬಂದಿದ್ದೆ. ಕಲ್ಲು ಸಿಕ್ಕಿದೆ ಎಂದು ಸುದ್ದಿ ಬಂದಿತ್ತು. ದೊಡ್ಡಪ್ಪ, ಅಪ್ಪನ ಜೊತೆ ತಿಪಟೂರಿನಿಂದ ಬಸ್ಸಿನಲ್ಲಿ ಹೋದೆ. ಬಾವಿಯ ದಡದಲ್ಲಿ ಒಡೆದ ಕಾಯಿಯ ಹೋಳುಗಳಿದ್ದವು. ದೊಡ್ಡಪ್ಪ ಹೇಳಿಕಳಿಸಿದ್ದರಂತೆ, ಅತ್ತೆ ಪಾಯಸ ಮಾಡಿದ್ದರು. ಮೇಸ್ತ್ರಿ ಖುಷಿಯಲ್ಲಿದ್ದ. ಇಂಥ ಒಳ್ಳೇ ಕಲ್ಲು ನೋಡಿಲ್ಲ, ಒಂದು ಕುಳಿ ಹಾರಿಸಿದರೆ ಎರಡು ಕುಳಿಯಷ್ಟು ಬಿಡುತ್ತದೆ, ಬೇಗ ಇಳಿಯುತ್ತೇವೆ ಎಂದ. ಅವನು ಮೇಲೆತ್ತಿ ಹಾಕಿದ್ದ ರಾಶಿಯಿಂದ ಒಂದು ತುಂಡು ತೆಗೆದುಕೊಂಡೆ. ಹಸಿರು ಬೂದು ಬಣ್ಣ, ಮುಟ್ಟಿದರೆ ಸಾಬೂನಿನಂಥ ಜಾರು. ಕೈಯಲ್ಲೇ ಎರಡು ಹಲಗೆಯಾಗಿ ಬಿಟ್ಟಿತು. ಕ್ಲೋರೈಟ್ ಶಿಸ್ಟ್. ಎರಡನೇ ಬಾರಿ ನೋಡುವ ಅಗತ್ಯವಿರಲಿಲ್ಲ.

ಬಾವಿಯಲ್ಲಿ ಇಣುಕಿದೆವು. ಪಡುವಣ ಗೋಡೆಯ ಪದರಗಳ ನಡುವಿನಿಂದ ನೀರು ಜಿನುಗುತ್ತಿತ್ತು. ದೊಡ್ಡಪ್ಪನಿಗೆ ಸಂತೋಷವಾಯಿತು, ಜಲ ಪಡುವಣದಿಂದ ಬಂದಿದೆ, ಶುಭ ಎಂದರು. ಅತ್ತೆ ಊಟಕ್ಕೆ ಎಲೆ ಹಾಕುವುದನ್ನು ಬಿಟ್ಟು ಬಂದು ನಿಂತರು. ಪಕ್ಕದ ತೋಟದವರು ನೋಡಿ ಹೋದರು, ಪಡುವಣಕ್ಕೆ ಕಟ್ಟಡ ಏಳಿಸದೆ ಮುಂದಕ್ಕೆ ಇಳಿಯಬೇಡಿ ಅಂದರು, ಕಟ್ಟಿಸಿಕೊಡಿ ಎಂದು ಅಣ್ಣನನ್ನು ಕೇಳಿದರು.

"ಕಲ್ಲು ಸಿಕ್ಕೈತೆ ಕಣೇ. ಕಲ್ಲಿಗೆ ಕಲ್ಲಿನ ಗೋಡೆ ಕಟ್ತಾರಾ ಯಾರಾದ್ರೂ?" ಎಂದರು ದೊಡ್ಡಪ್ಪ. ಮೇಸ್ತ್ರಿ ನಕ್ಕ. "ನಮ್ಮಮ್ಮಾರು ಹಂದನಕೆರೆ ನೀರು ಕುಡ್ದು ಹಂದನಕೆರೆಯೋರೇ ಆಗವ್ರೆ ಬುಡಿ" ಎಂದ. ಆಳುಗಳೂ ನಕ್ಕರು.

ಅತ್ತೆ ನಗಲಿಲ್ಲ. "ನೀರು ಬರೋ ಸಂದಿನಾಗೇ ಕಲ್ಲೂ ಬತ್ತೈತೆ ಕಣಣ್ಣ. ಬಿದ್ರೆ ನಂಗೆ ಹೊಲ ಇಲ್ಲ" ಎಂದರು.

ನಾನು ಕೈಯಲ್ಲಿದ್ದ ಹಲಗೆಗಳನ್ನು ತೋರಿಸಿ ಅತ್ತೆ ಹೇಳುವುದು ಸರಿ ಎಂದೆ. ಇದು ನಮ್ಮೂರಿನ ಕಲ್ಲಲ್ಲ, ಇದರ ಪದರ ಮೂಡಣಕ್ಕೆ ಇಳಿದಿದೆ, ಮಳೆಗಾಲದಲ್ಲಿ ಪಡುವಣ ಮಗ್ಗುಲು ನಿಲ್ಲುವುದಿಲ್ಲ ಎಂದು ವಿವರಿಸಿದೆ. ದೊಡ್ಡಪ್ಪ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ನೀನು ಪೇಪರ್ ಬರಿ ಕಣ್ಲಾ. ಕಲ್ಲು ಅಂದ್ರೆ ಕಲ್ಲು. ಬಾವಿ ನಾವು ತೋಡುಸ್ತೀವಿ." ಅಪ್ಪ ಆ ಕಡೆ ಮುಖ ಮಾಡಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಅಪ್ಪನಿಗೆ ಬೇರೆಯಾಗಿ ಹೇಳಿದೆ. ಅಣ್ಣನ ಮಾತು ಮೀರಲಾಗದು ಎಂದರು. ರಜೆ ಮುಗಿಯುವ ಮುನ್ನ ದೊಡ್ಡಪ್ಪನಿಗೆ ಮತ್ತೊಮ್ಮೆ ಹೇಳಿದೆ. ಈ ಸಲ ಸಿಟ್ಟಾದರು. ತಂಗಿಯ ಬಾವಿಗೆ ಅಪಶಕುನ ನುಡಿಯಬೇಡ ಎಂದರು.

ಬಾವಿ ಮುಗಿಯಿತು. ಜೂನಿನಲ್ಲಿ ಅತ್ತೆ ಸಸಿ ಇಟ್ಟರು. ಗುಂಡಿಗೆ ಮರಳು, ಬೂದಿ, ಕೆರೆಗೋಡಿನ ಮಣ್ಣು ಎಲ್ಲ ತಾವೇ ಹೊತ್ತು ಹಾಕಿದರು. ಎಂಜಿನ್ನಿನ ಬೆಲ್ಟು ಏರಿಸುವುದನ್ನು ಕಲಿತರು. ಆ ಹೊಲದಲ್ಲಿ ಹೆಂಗಸೊಬ್ಬಳು ಎಂಜಿನ್ನು ಚಾಲೂ ಮಾಡುವುದನ್ನು ನೋಡಲು ದಾರಿಹೋಕರು ನಿಲ್ಲುತ್ತಿದ್ದರಂತೆ. ಅಕ್ಟೋಬರ್‌ನಲ್ಲಿ ಏನಾಯಿತು ಎಂದು ಮೊದಲೇ ಹೇಳಿದ್ದೇನೆ.

ಸುದ್ದಿ ತಿಳಿದು ನಾನು ಹೋದಾಗ ಗೋಡೆ ಜಾರಿದ ಜಾಗ ಹಸಿಯಾಗಿತ್ತು. ಹಾಸಿದ ಹಾಗೆ ನುಣ್ಣನೆಯ ಒಂದೇ ಬಂಡೆ ಮೂಡಣಕ್ಕೆ ಇಳಿಜಾರಾಗಿ ಮಲಗಿತ್ತು. ಅದರ ಮೇಲಿದ್ದುದೆಲ್ಲ ಬಾವಿಯೊಳಗಿತ್ತು. ಉಳಿದ ಮೂರು ಗೋಡೆಗಳು ಮೇಸ್ತ್ರಿ ತೋಡಿದ ಹಾಗೇ ನೆಟ್ಟಗಿದ್ದವು. ಪಕ್ಕದ ತೋಟದ ಬಾವಿಗೆ ಹೋಗಿ ನೋಡಿದೆ. ಅದೇ ಮಳೆ, ಅದೇ ಕಲ್ಲು, ಅದೇ ಇಳಿಜಾರು. ಪಡುವಣಕ್ಕೆ ಕಟ್ಟಡವಿತ್ತು. ಒಂದು ಕಲ್ಲೂ ಕದಲಿರಲಿಲ್ಲ. ಆ ತೋಟದ ಯಜಮಾನನನ್ನು ಕೇಳಿದೆ. ಅವನಿಗೆ ಶಿಸ್ಟೂ ಗೊತ್ತಿರಲಿಲ್ಲ, ಇಳಿಜಾರಿನ ಮಾತೂ ಗೊತ್ತಿರಲಿಲ್ಲ. ನಮ್ಮಲ್ಲಿ ಅಜ್ಜನ ಕಾಲದಿಂದ ಪಡುವಣಕ್ಕೆ ಕಟ್ಟುತ್ತೇವೆ, ಕಟ್ಟದವರದು ಬಿದ್ದಿದೆ, ಅಷ್ಟು ಸಾಲದೇ ಎಂದ. ಸಾಕಿತ್ತು. ಅತ್ತೆಗೂ ಅಷ್ಟೇ ಗೊತ್ತಿದ್ದದ್ದು.

ಅಲ್ಲಿಂದ ಬಿಳಿಗೆರೆಗೆ ಬಂದು ದೊಡ್ಡಪ್ಪನ ಮುಂದೆ ಕೂತೆ. ಅವರು ಬೇಸರದಲ್ಲಿದ್ದರು, ನಿಜವಾದ ಬೇಸರ. ಹಣೆಬರಹ ಎಂದರು. ಜಲ ನೋಡುವವನನ್ನು ಕರೆಸದೆ ಅವಳೇ ಜಾಗ ತೋರಿಸಿದಳು, ಅದೇ ತಪ್ಪಾಯಿತು ಎಂದರು. ಅವಳು ತೋರಿಸಿದ ಜಾಗದಲ್ಲಿ ನೀರು ಬಂದಿತ್ತು. ಅದನ್ನು ನಾನು ನೆನಪಿಸಿದೆ. ಕಟ್ಟಡ ಕೇಳಿದ್ದನ್ನೂ ನೆನಪಿಸಿದೆ. ಅವಳು ಕಟ್ಟಡ ಕೇಳಿದ್ದು ತಮಗೆ ನೆನಪಿಲ್ಲ ಎಂದರು. ಅಪ್ಪ ಅಲ್ಲೇ ಇದ್ದರು. ಅವರಿಗೂ ನೆನಪಿರಲಿಲ್ಲ.

ಮೂವತ್ತು ಜನ ಸುದ್ದಿಗಾರರ ವರದಿಗಳನ್ನು ತಿದ್ದುವ ಕೆಲಸದಲ್ಲಿ ನಾನು ಹಲವು ಬಗೆಯ ಸುಳ್ಳು ನೋಡಿದ್ದೇನೆ. ಭಯದ ಸುಳ್ಳು, ಲಾಭದ ಸುಳ್ಳು, ಸೋಮಾರಿತನದ ಸುಳ್ಳು. ಇದು ಯಾವುದೂ ಅಲ್ಲ. ಇವರು ಅವತ್ತು ಅವಳ ಮಾತನ್ನು ಕೇಳಿಯೇ ಇರಲಿಲ್ಲ. ಎಲೆ ಹಾಕುವುದನ್ನು ಬಿಟ್ಟು ಬಂದ ಹೆಂಗಸು ಬಾವಿಯ ದಡದಲ್ಲಿ ನಿಂತು ಆಡಿದ್ದು ಅವರ ಕಿವಿಗೆ ಮಾತಾಗಿ ಬಿದ್ದಿರಲಿಲ್ಲ. ಕಲ್ಲಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದನ್ನು ನಾನು ಕ್ಷಮಿಸಬಲ್ಲೆ. ಬಿಳಿಗೆರೆಯಲ್ಲಿ ಹುಟ್ಟಿದವನಿಗೆ ಬಂಡೆ ಎಂದರೆ ನಂಬಿಕೆ, ಅದು ಅವರ ತಪ್ಪಲ್ಲ. ಅತ್ತೆಯ ಮಾತು ಕಿವಿಗೆ ಬೀಳದ್ದನ್ನು ಕ್ಷಮಿಸಲು ನನಗೆ ಆಗಿಲ್ಲ.

ಕುಸಿತದ ನಂತರದ ಬೇಸಿಗೆಯಲ್ಲಿ ಅತ್ತೆ ಪಕ್ಕದ ತೋಟದ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳಿಗೆ ಹಾಕಿದರು. ನಾನು ಒಮ್ಮೆ ಹೋದಾಗ ಸೊಂಟಕ್ಕೆ ಹಳೇ ಸೀರೆಯ ಸುತ್ತು ಬಿಗಿದುಕೊಂಡಿದ್ದರು. ಕಾಫಿ ಮಾಡಿಕೊಟ್ಟರು. ಬಾವಿಯ ವಿಷಯ ತೆಗೆಯಲಿಲ್ಲ. ನಿಮ್ಮ ಆಫೀಸಿನಲ್ಲಿ ರಾತ್ರಿ ಪಾಳಿ ಇದೆಯಂತಲ್ಲ, ನಿದ್ದೆಗೆಡಬೇಡ ಎಂದರು. ಹತ್ತಿರದ ಸಸಿಗಳು ಹಸಿರಾಗಿದ್ದವು. ದೂರದ ಸಾಲುಗಳ ಗರಿ ಒಣಗಿತ್ತು. ಬಾವಿಯ ಕಲ್ಲು ತೆಗೆಸಲು ಅಣ್ಣಂದಿರು ಮತ್ತೆ ಕೈ ಹಾಕಲಿಲ್ಲ. ಬಿದ್ದ ಬಾವಿಗೆ ಇಳಿಯಲು ಬಿಳಿಗೆರೆಯ ಮೇಸ್ತ್ರಿ ಒಪ್ಪಲಿಲ್ಲ.

1980ರ ಮಳೆಗಾಲಕ್ಕೆ ಮುಂಚೆ ಹಿರಿಯರು ಮತ್ತೆ ಕಟ್ಟೆಯ ಮೇಲೆ ಕೂತರು. ನಾನು ರಜೆ ಹಾಕಿ ಹೋದೆ. ಬಾವಿ ಬಿದ್ದದ್ದು ಕಟ್ಟಡ ಇಲ್ಲದ್ದಕ್ಕೆ, ಕಟ್ಟಡ ಬೇಡವೆಂದವರು ಅಣ್ಣಂದಿರು, ಅವಳು ಕೇಳಿದ್ದಳು, ನಾನು ಸಾಕ್ಷಿ ಎಂದು ನಿಂತು ಹೇಳಿದೆ. ಒಬ್ಬ ಹಿರಿಯರು ನನಗೆ ಕೂರಲು ಜಾಗ ಮಾಡಿಕೊಟ್ಟರು. ಬೆಂಗಳೂರಿನಲ್ಲಿ ಮಳೆ ಹೇಗಿದೆ ಎಂದು ಕೇಳಿದರು. ಆಮೇಲೆ ದೊಡ್ಡಪ್ಪನನ್ನು ಕೇಳಿದರು. ದೊಡ್ಡಪ್ಪ ತಲೆಯೆತ್ತದೆ, ಜಾಗ ತೋರಿಸಿದ್ದು ಅವಳು ಎಂದರು. ಮೈದುನ ಮಾತಾಡುವ ಅಗತ್ಯವೇ ಇರಲಿಲ್ಲ.

ಅತ್ತೆಯನ್ನು ಈ ಸಲ ಕರೆದು ಕೇಳಿದರು. ಹೊಲ ಬಿಡುತ್ತೀಯಾ ಎಂದು.

"ನಾನು ಬುಡಲ್ಲ. ನೀವು ತಗೋತಿದ್ದೀರಿ. ಅಂಗಂತ ಹೇಳಿ" ಎಂದರು ಅತ್ತೆ.

ಹಿರಿಯರು ಎದ್ದು ಪಂಚೆ ಕೊಡವಿಕೊಂಡು ಹೋದರು. ಕೋರ್ಟಿಗೆ ಹೋಗೋಣ, ತಿಪಟೂರಿನಲ್ಲಿ ವಕೀಲರನ್ನು ನೋಡುತ್ತೇನೆ ಎಂದೆ. ಅಣ್ಣನನ್ನು ಕೋರ್ಟಿನಲ್ಲಿ ಸುಳ್ಳುಗಾರ ಅನ್ನಿಸಬೇಕಲ್ಲ ಎಂದು ಅತ್ತೆ ಕೇಳಿದರು. ಹೌದು ಎಂದೆ. ಬೇಡ ಎಂದರು. ಆ ವಾರವೇ ಅವರ ಪಾತ್ರೆಗಳು, ಒಂದು ಟ್ರಂಕು ಎತ್ತಿನ ಗಾಡಿಯಲ್ಲಿ ಬಿಳಿಗೆರೆಗೆ ಬಂದವು.

ಮುಂದಿನ ಬೇಸಿಗೆಯಲ್ಲಿ ಮೈದುನ ಹಂದನಕೆರೆಯ ಆಳುಗಳನ್ನೇ ಇಳಿಸಿ ಬಾವಿಯ ಕಲ್ಲು ತೆಗೆಸಿದ. ಎಂಜಿನ್ನು ಸಿಕ್ಕಿತು, ರಿಪೇರಿಗೆ ಬರಲಿಲ್ಲ. ಪಡುವಣ ಮಗ್ಗುಲಿಗೆ ತಳದಿಂದ ಕಟ್ಟಡ ಏಳಿಸಿದ. ಕಟ್ಟಲು ಬಳಸಿದ್ದು ಹೊರಗಿನಿಂದ ತಂದ ನೈಸ್ ಕಲ್ಲು. ಒಣಗಿದ ಸಾಲುಗಳಲ್ಲಿ ಹೊಸ ಸಸಿ ಇಟ್ಟ. ಅತ್ತೆ ಇಟ್ಟ ಸಸಿಗಳಲ್ಲಿ ಉಳಿದವು ಹಾಗೇ ಬೆಳೆದವು.

ಆ ತೋಟದಲ್ಲಿ ಮೊದಲ ಕಾಯಿ ಇಳಿಸಿದ್ದು 1988ರಲ್ಲಿ. ಬಾವಿ ನಿಂತಿದೆ. ಅತ್ತೆ ಬಿಳಿಗೆರೆಯಲ್ಲಿ, ದೊಡ್ಡಪ್ಪನ ಮನೆಯ ನಡುಮನೆಯಲ್ಲಿ ಇದ್ದಾರೆ.